ಎತ್ತಿಕೊಡದ ಅಕ್ಷರ

ಅವಳು ಸುಮ್ಮನೆ ಕಾದಳು. ಅದನ್ನು ಅವನು ಕರುಣೆ ಎಂದುಕೊಂಡ. ಇಬ್ಬರ ನಡುವೆ ಎಲ್ಲ ಶುರುವಾದದ್ದು ಆ ಒಂದು ತಪ್ಪು ತಿಳುವಳಿಕೆಯಿಂದ.

ಹಳೆಯ ಬೋರ್ಡಿಂಗ್ ಶಾಲೆಯ ಒಂಬತ್ತು ಮಂದಿ ಪ್ರತಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ವಿಡಿಯೊ ಕಾಲ್‌ನಲ್ಲಿ ಸೇರುತ್ತಿದ್ದರು. ಎಲ್ಲರೂ ಪರದೇಶಕ್ಕೆ ಬಂದು ಅಲ್ಲೇ ತಲೆ ನರೆಸಿಕೊಂಡವರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಕಿವಿ ಮಂದ, ನೆನಪು ಮಾತ್ರ ಎಲ್ಲರದೂ ಗಟ್ಟಿ. ಕಬ್ಬಿಣದ ಮಂಚ, ಅಂಗಿಯ ಕಾಲರಿಗೆ ಹೊಲಿದ ನಂಬರು, ನೀರು ಬೆರೆಸಿದ ಹಾಲು, ವಾರ್ಡನ್ನಿನ ಬೂಟಿನ ಸದ್ದು: ಇಷ್ಟನ್ನೇ ವಾರವಾರವೂ ಅಗಿದು ರಸ ಹೀರುತ್ತಿದ್ದರು. ಎಲ್ಲರನ್ನೂ ಕೂಡಿಸುವವನು ಬಗರಿ. ಹಲ್ಲಿನ ಡಾಕ್ಟರಾಗಿ ನಿವೃತ್ತನಾಗಿದ್ದರೂ ಶಾಲೆಯಲ್ಲಿ ಇಟ್ಟ ಹೆಸರು ಅವನನ್ನು ಬಿಟ್ಟಿರಲಿಲ್ಲ. ಆ ಗುಂಪಿನಲ್ಲಿ ಯಾರನ್ನೂ ಬಿಟ್ಟಿರಲಿಲ್ಲ.

ಆ ಭಾನುವಾರ ಮೂರು ತಿಂಗಳ ನಂತರ ವಕೀಲ ತೆರೆಯ ಮೇಲೆ ಕಾಣಿಸಿಕೊಂಡ. ಶಾಲೆಯಲ್ಲಿ ವಾದ ಮಾಡಿ ಮಾಡಿ ಆ ಹೆಸರು ಗಳಿಸಿದವನು, ಆಮೇಲೆ ನಿಜಕ್ಕೂ ವಕೀಲನೇ ಆದ. ನಲವತ್ತು ವರ್ಷ ಕೋರ್ಟಿನಲ್ಲಿ ಅವನ ಬಾಯಿಗೆ ಎದುರಿಲ್ಲ ಎನ್ನುತ್ತಿದ್ದರು. ಈಗ ಸ್ಟ್ರೋಕ್ ಹೊಡೆದು ಬಲಗೈ ಬಿದ್ದುಹೋಗಿತ್ತು, ಜೊತೆಗೆ ಮಾತೂ. ಬುದ್ಧಿ ಚೆನ್ನಾಗಿಯೇ ಇತ್ತು, ಅದೇ ಕಷ್ಟ. ಹೇಳಬೇಕಾದದ್ದೆಲ್ಲ ಒಳಗೆ ಸಾಲಾಗಿ ನಿಂತಿರುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ.

"ಎಲ್ಲರಿಗೂ ನ... ನ..." ಎಂದ.

ಉಳಿದವರೆಲ್ಲ ಒಟ್ಟಿಗೆ ಮುನ್ನುಗ್ಗಿ ನಮಸ್ಕಾರವನ್ನು ಅವನ ಬಾಯಿಂದ ಕಿತ್ತುಕೊಂಡರು. ನೀನು ಸುಮ್ಮನಿರಪ್ಪ, ಆಯಾಸ ಮಾಡ್ಕೋಬೇಡ ಎಂದರು. ಮೂಲೆಯ ಚೌಕದಲ್ಲಿದ್ದ ಅವಳೊಬ್ಬಳು ಮಾತ್ರ ತುಟಿ ಬಿಚ್ಚದೆ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು. ಅವನು ಆ ಕಣ್ಣುಗಳನ್ನೇ ಹಿಡಿದುಕೊಂಡು, ಬೆವರು ಸುರಿಸಿ, ಪದವನ್ನು ತಾನೇ ಹೊರಗೆ ತಳ್ಳಿದ. ಸಂಜೆ ಎಡಗೈಯ ಒಂದೇ ಬೆರಳಲ್ಲಿ ಕುಟ್ಟಿದ ಮೆಸೇಜು ಬಂತು. ನೀನೊಬ್ಬಳೇ ಕಾದೆ, ಥ್ಯಾಂಕ್ಸ್.

ಕಾದದ್ದೇನೋ ನಿಜ. ಆದರೆ ಅವಳು ಕಾದದ್ದು ಬೀದಿಯಲ್ಲಿ ಜಾರುವವನು ಬೀಳುತ್ತಾನೋ ಇಲ್ಲವೋ ಎಂದು ನೋಡುತ್ತ ನಿಲ್ಲುವವರ ಹಾಗೆ.

ಶಾಲೆಯಲ್ಲಿ ಅವಳಿಗೆ ತೊದಲು. ಹದಿನೈದನೆಯ ವಯಸ್ಸಿನಲ್ಲಿ ಪದ್ಯ ವಾಚನದ ಸ್ಪರ್ಧೆಗೆ ಹೆಸರು ಕೊಟ್ಟು ಟೀಚರನ್ನೇ ಬೆಚ್ಚಿಬೀಳಿಸಿದ್ದಳು. ಹೆಸರು ಕೊಟ್ಟದ್ದೇಕೆ ಎಂಬುದು ಅವಳೊಬ್ಬಳಿಗೇ ಗೊತ್ತು. ವಕೀಲ ಆ ವರ್ಷದ ಸ್ಪರ್ಧೆಗೆ ಪರದೆ ಎಳೆಯುವವನಾಗಿದ್ದ. ಪದ್ಯ ಮುಗಿಸಿ ಅವನ ಮುಂದೆ ಹಾದುಹೋಗಬೇಕು, ಅವನು ಏನಾದರೂ ಒಂದು ಮಾತು ಅನ್ನಬೇಕು, ಅಷ್ಟೇ ಆಸೆ. ಮೂರು ತಿಂಗಳು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದಳು. ವೇದಿಕೆಯ ಮೇಲೆ ಮೂರನೆಯ ಸಾಲಿಗೆ ನಾಲಿಗೆ ಕಚ್ಚಿಕೊಂಡಿತು. ಬ... ಬ... ಬ... ಎನ್ನುತ್ತಿರುವಾಗ ಪರದೆಯ ಹಿಂದಿನಿಂದ ಟಕ್ ಟಕ್ ಟಕ್ ಟಕ್ ಎಂದು ಸದ್ದು ಬಂತು, ಕೊನೆಗೊಂದು ಟಿಂಗ್. ಥೇಟ್ ಟೈಪ್‌ರೈಟರು. ಮುನ್ನೂರು ಮಕ್ಕಳ ಹಾಲ್ ಬಿದ್ದು ಬಿದ್ದು ನಕ್ಕಿತು. ಟೀಚರುಗಳು ಕೈಯಡ್ಡ ಇಟ್ಟುಕೊಂಡು ನಕ್ಕರು. ಶಾಲೆ ಬಿಡುವವರೆಗೂ ಅವಳು ಟೈಪ್‌ರೈಟರ್. ಭಾನುವಾರದ ಕಾಲ್‌ನಲ್ಲಿ ಈಗಲೂ ಟೈಪ್‌ರೈಟರ್. ಕರೆದರೆ ಓ ಎನ್ನುತ್ತಿದ್ದಳು. ಹಾಗೆ ಓಗೊಟ್ಟರೆ ಗಾಯ ಮಾಗಿತು ಎಂದು ಜನ ತಿಳಿಯುತ್ತಾರೆ.

ಪರದೇಶಕ್ಕೆ ಬಂದು ಅವಳು ಹಿಡಿದ ಕೆಲಸ ಕೇಳಿದರೆ ನಂಬಲಿಕ್ಕಿಲ್ಲ. ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ತಡ, ಯಾರ ಮಗು ತಪ್ಪಿಸಿಕೊಂಡು ಎನ್‌ಕ್ವೈರಿ ಕೌಂಟರಿನಲ್ಲಿ ಅಳುತ್ತ ಕೂತಿದೆ, ಎಲ್ಲ ಅವಳ ದನಿಯಲ್ಲೇ. ಮೇಜಿನ ಕೆಳಗೆ ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ, ಅಕ್ಷರಕ್ಕೊಂದು ತಟ್ಟು ಕೊಟ್ಟು, ಮಾತನ್ನು ಚೂರು ರಾಗಕ್ಕೆ ಹಚ್ಚಿ ಹೇಳುವುದನ್ನು ತಾನೇ ಕಲಿತುಕೊಂಡಿದ್ದಳು. ಮೂವತ್ತೊಂದು ವರ್ಷ ಒಂದಕ್ಷರವೂ ಎಡವಲಿಲ್ಲ. ನಡುವೆ ಮದುವೆಯಾಯಿತು. ಗಂಡ ಸಿಗ್ನಲ್ ವಿಭಾಗದವನು, ಮಿತಭಾಷಿ. ತೀರಿಕೊಂಡು ಒಂಬತ್ತು ವರ್ಷ. ಆ ಸಂಸಾರದ ಬಗ್ಗೆ ದೂರುವಂಥದ್ದು ಏನೂ ಇರಲಿಲ್ಲ. ನೆನೆದು ನಗುವಂಥದ್ದೂ ಇರಲಿಲ್ಲ.

ನನಗೆ ಮಾತು ಕಲಿಸುತ್ತೀಯಾ ಎಂದು ವಕೀಲ ಎರಡನೆಯ ಮೆಸೇಜಿನಲ್ಲಿ ಕೇಳಿದಾಗ ಅವಳು ಒಪ್ಪಿದ್ದು ಹತ್ತಿರದಿಂದ ನೋಡೋಣ ಎಂದೇ.

ಅವನ ಮನೆಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಮೂರನೆಯ ಮಹಡಿ. ಅಡಿಗೆಮನೆಯಲ್ಲಿ ಹೂವಿನ ರೆಕ್ಸಿನ್ ಹಾಸಿದ ಮೇಜು, ಅದರ ಮೇಲೆ ವಾರದ ಏಳು ಖಾನೆಗಳ ಮಾತ್ರೆ ಡಬ್ಬಿ. ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಬ್ಲಾಕಿನಲ್ಲಿರುವ ಮಗಳೇ ನೋಡಿಕೊಳ್ಳುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಬೆಳಗ್ಗೆ ಒಂಬತ್ತಕ್ಕೆ ಹೊರಡುವವಳು. ಆಂಟಿ, ನೀವು ಬಂದಿದ್ದು ದೇವರು ಬಂದ ಹಾಗಾಯ್ತು ಎಂದು ಬ್ಯಾಗು ಹೆಗಲಿಗೇರಿಸಿದಳು. ದೇವರು ಕುರ್ಚಿ ಎಳೆದುಕೊಂಡು ಕೂತು, ಮೊದಲ ದಿನದ ಪಾಠಕ್ಕೆ ಟೈಪ್‌ರೈಟರ್ ಎಂಬ ಪದ ಕೊಟ್ಟಳು.

ನಲವತ್ತು ಸಲ ಹೇಳಿಸಿದಳು. ಟ ಬಂದರೆ ಪ ಬರದು, ಪ ಬಂದರೆ ರ ಜಾರುತ್ತದೆ. ಅವನ ಕುತ್ತಿಗೆಯ ನರ ಉಬ್ಬುವುದನ್ನು ನೋಡುತ್ತ ಅವಳು ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ಅವನಿಗೆ ಅದು ಯಾವ ಪದವೆಂದು ಗೊತ್ತಾಗದೇ ಇರಲಿಲ್ಲ. ಒಂದು ಸಲವೂ ಬೇರೆ ಪದ ಕೊಡು ಎನ್ನಲಿಲ್ಲ.

ಆ ಛಲವೇ ಅವಳನ್ನು ಮೆತ್ತಗೆ ಮಾಡಿತು. ಮೂರನೆಯ ವಾರಕ್ಕೆ ಪಾಠದಲ್ಲಿ ಸುಲಭದ ಪದಗಳು ಬಂದವು, ಐದನೆಯ ವಾರಕ್ಕೆ ಅವಳ ಚೀಲದಲ್ಲಿ ಬಿಸ್ಕತ್ತೂ ಬಂತು. ಆರನೆಯ ವಾರ ಅವನು "ಕಿಟಕಿ ತೆಗಿ" ಎಂದು ಇಡೀ ವಾಕ್ಯ ಆಡಿದ. ಅವಳು ಎದ್ದು ತೆಗೆದಳು. ಗಾಳಿ ನುಗ್ಗಿ ಅವಳ ಕೂದಲು ಬಿಚ್ಚಿಕೊಂಡಿತು. ಪಿನ್ನನ್ನು ಹಲ್ಲಲ್ಲಿ ಕಚ್ಚಿ ಕಟ್ಟಿಕೊಳ್ಳುವಾಗ ಅವನು ನೋಡುತ್ತಲೇ ಇದ್ದ. ಅವಳಿಗೆ ಕೆನ್ನೆ ಬಿಸಿಯಾಯಿತು, ಈ ವಯಸ್ಸಿನಲ್ಲಿ ಇದೇನು ಎಂದು ಅವಳ ಮೇಲೆ ಅವಳಿಗೇ ಸಿಟ್ಟೂ ಬಂತು.

"ಬಿ... ಬಿಳಿ," ಎಂದ ಅವನು ಕೂದಲು ತೋರಿಸಿ.

"ನಿಂದೇನು ಕಪ್ಪಾ?"

"ಚ... ಚಂದ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಆ ದಿನ ಅವನು ಅವಳು ಕಲಿಸಿದ ತಟ್ಟು ಹಾಕುವಾಗ ತನ್ನ ಬೆರಳು ಬಿಟ್ಟು ಅವಳ ಕೈಯ ಹಿಂಭಾಗವನ್ನು ಆರಿಸಿಕೊಂಡ. ಅಕ್ಷರಕ್ಕೊಂದು ತಟ್ಟು, ಹಗುರವಾಗಿ. ಕೈ ಎಳೆದುಕೊಳ್ಳಬಹುದಿತ್ತು. ಅವಳು ಎಳೆದುಕೊಳ್ಳಲಿಲ್ಲ. ನಾಲ್ಕರ ಬಸ್ಸು ಹೋಯಿತು, ಐದರದ್ದೂ ಹೋಯಿತು. ಮನೆಗೆ ಬಂದು ಕೈ ತೊಳೆಯುವಾಗ ಆ ಜಾಗಕ್ಕೆ ಸೋಪು ಹಚ್ಚಲು ಮನಸ್ಸಾಗಲಿಲ್ಲ. ಎಪ್ಪತ್ತು ವರ್ಷದ ಹೆಂಗಸು ನಲ್ಲಿಯ ಮುಂದೆ ನಿಂತು ತನ್ನಷ್ಟಕ್ಕೆ ನಕ್ಕಳು.

ಹೀಗೆ ಎಂಟು ತಿಂಗಳು. ಅವನ ಮಾತು ಮುಕ್ಕಾಲು ಪಾಲು ಮರಳಿತು. ಒಂದು ದಿನ ಹಳೆಯ ವಿದ್ಯಾರ್ಥಿಗಳ ವರ್ಷದ ಊಟದ ವಿಷಯ ತೆಗೆದು, ಅಲ್ಲಿ ಎದ್ದು ನಿಂತು ನಾಲ್ಕು ಮಾತು ಆಡುತ್ತೇನೆ ಎಂದ. ಏನು ಮಾತು ಎಂದು ಕೇಳಿದ್ದಕ್ಕೆ ಹೇಳಲಿಲ್ಲ, ಕಣ್ಣಲ್ಲಿ ಮಾತ್ರ ಹಳೆಯ ತುಂಟತನ ಇಣುಕಿತು.

"ಸಿಕ್ಕಿಕೊಂಡರೆ ನನ್ನ ಕಡೆ ನೋಡು," ಎಂದಳು ಅವಳು. "ಮುಂದಿನ ಅಕ್ಷರ ಎತ್ತಿಕೊಡ್ತೀನಿ."

ಊಟ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ. ಉದ್ದನೆಯ ಮೇಜು, ಬಿಳಿಯ ಬಟ್ಟೆ, ಗಂಡ ಹೆಂಡತಿ ಮಕ್ಕಳೆಲ್ಲ ಸೇರಿ ಇಪ್ಪತ್ತು ಮಂದಿ. ಅವಳು ತಿಳಿಹಸಿರು ಸೀರೆ ಉಟ್ಟುಕೊಂಡು ಅವನ ಎದುರಿಗೇ ಕೂತಿದ್ದಳು. ತಟ್ಟೆಗಳನ್ನು ತೆಗೆದ ಮೇಲೆ ವಕೀಲ ಎಡಗೈ ಊರಿ ಎದ್ದು ನಿಂತ. ಸದ್ದು ಅಡಗಿತು.

"ಐವತ್ತೈದು ವರ್ಷದ ಹಿಂದೆ," ಎಂದ, ಒಂದೂ ತಡವರಿಕೆಯಿಲ್ಲದೆ. "ಪರದೆ ಹಿಂದೆ ನಿಂತು, ನಾನು ಇವಳಿಗೆ, ಒಂದು ದೊಡ್ಡ ತ... ತ..."

ನಿಂತುಹೋಯಿತು. ಅವನು ಅವಳ ಕಡೆ ನೋಡಿದ.

ಪದ ಅವಳಿಗೆ ತಕ್ಷಣ ಗೊತ್ತಾಯಿತು. ಜನ್ಮವೆಲ್ಲ ಕಾದಿದ್ದ ಪದ, ಗೊತ್ತಾಗದೆ ಇರುತ್ತದೆಯೇ. ಒಂದು 'ಪ್ಪು' ಎಂದಿದ್ದರೆ ಸಾಕಿತ್ತು, ಅವನು ಹಿಡಿದುಕೊಳ್ಳುತ್ತಿದ್ದ. ತುಟಿಯೂ ಕೂಡಿತು. ಅಷ್ಟರಲ್ಲಿ ಬಗರಿ, "ತಿಂಡಿ ಕೊಟ್ಟೆ!" ಎಂದು ಕೂಗಿದ.

ಮೇಜು ನಕ್ಕಿತು. ಆ ತುದಿಯಿಂದ ಯಾರೋ ತಲೆನೋವು ಕೊಟ್ಟೆ ಎಂದರು, ಇನ್ಯಾರೋ ತಂತಿ ಕಳಿಸಿದೆ ಎಂದರು, ಚಮಚ ತಗೊಂಡು ಲೋಟಕ್ಕೆ ಬಡಿದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಬೋರ್ಡಿಂಗಿನಲ್ಲಿ ಬೆಳೆದವರ ಪ್ರೀತಿಯೇ ಹಾಗೆ, ಚಿವುಟದೆ ಮುಟ್ಟಲು ಬಾರದು. ಅವನು ಯಾರನ್ನೂ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದು, ತ ಎಂಬಲ್ಲಿಗೇ ನಿಂತು.

ಅವಳಿಗೆ ನಗು ಬಂತು. ತಡೆಯಬಹುದಾದ ನಗುವೇ, ತಡೆಯಲಿಲ್ಲ. ಮೊದಲು ಸಣ್ಣಗೆ, ಆಮೇಲೆ ಎಲ್ಲರೊಡನೆ, ಭುಜ ಕುಲುಕುವ ಹಾಗೆ. ಅದು ಎಷ್ಟು ರುಚಿಯಾಗಿತ್ತೆಂದರೆ, ನಕ್ಕು ಕಣ್ಣೊರೆಸಿಕೊಳ್ಳುವಾಗಲೂ ಮಾಡಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿಯುವಷ್ಟರಲ್ಲಿ ಅವನು ಕೂತಿದ್ದ. ಎಡಗೈಯಲ್ಲಿ ನ್ಯಾಪ್ಕಿನ್ನನ್ನು ಮಡಚಲು ನೋಡುತ್ತಿದ್ದ. ಅದು ಮಡಿಕೆ ನಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು.

ಮುಂದಿನ ಎರಡು ಭಾನುವಾರ ಅವನ ಚೌಕ ಖಾಲಿ. ಮೆಸೇಜಿಗೆ ಉತ್ತರವಿಲ್ಲ. ಮೂರನೆಯ ವಾರ ಮಗಳು ಫೋನ್ ಮಾಡಿದಳು. ಅಪ್ಪ ಯಾರ ಜೊತೆಯೂ ಮಾತಾಡುತ್ತಿಲ್ಲ, ಕೇಳಿದರೆ ಚೀಟಿ ಬರೆಯುತ್ತಾರೆ ಎಂದಳು. ಎರಡು ತಿಂಗಳು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದರಂತೆ, ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು. ಒಪ್ಪಿಸಿದಳು: "ನಾನು ಇವಳಿಗೆ ಒಂದು ದೊಡ್ಡ ತಪ್ಪು ಮಾಡಿದೆ. ಎಲ್ಲರ ಮುಂದೆ ಮಾಡಿದ್ದು, ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ. ಇವಳು ಒಪ್ಪಿದರೆ ಉಳಿದ ದಿನ ಇವಳ ಜೊತೆ ಕಳೀತೀನಿ."

ಒಪ್ಪಿಸಿ ಮುಗಿಸಿ ಮಗಳೇ ಕೇಳಿದಳು.

"ನೀವು ಎತ್ತಿಕೊಡ್ತೀನಿ ಅಂದಿದ್ರಂತೆ ಆಂಟಿ. ಅವತ್ತು ಆ ಗಲಾಟೆಯಲ್ಲಿ ಅಪ್ಪ ಸಿಕ್ಕಿಕೊಂಡಿದ್ದು ನಿಮಗೆ ಕೇಳಿಸಲಿಲ್ವಾ?"

"ಇಲ್ಲಮ್ಮ," ಎಂದಳು ಅವಳು. "ಕೇಳಿಸಲಿಲ್ಲ."

ಮರುದಿನವೇ ಹೋದಳು. ಮಗಳು ಬಾಗಿಲು ತೆರೆದು, ತಾನು ಅಂಗಡಿಗೆ ಹೊರಟುಹೋದಳು. ಅವನು ಅದೇ ಮೇಜಿನ ಮುಂದೆ ಶರ್ಟಿನ ತೋಳಿನ ಗುಂಡಿ ಹಾಕಿಕೊಳ್ಳಲು ಪಾಡುಪಡುತ್ತಿದ್ದ. ಅವಳನ್ನು ನೋಡಿ ಕೈ ಕೆಳಗಿಳಿಸಿದ. ಅವಳು ಎದುರಿಗೆ ಕೂತಳು. ಕ್ಷಮೆ ಕೇಳಲೆಂದೇ ಬಂದಿದ್ದರೂ ಬಾಯಿಗೆ ಬಂದದ್ದು ಬೇರೆ.

"ನೀನೂ ನಕ್ಕಿದ್ದೆ," ಎಂದಳು.

ಅವನು ತಲೆಯಾಡಿಸಿದ. ಹೌದು. ಆಮೇಲೆ ಎಡಗೈ ಬೆರಳುಗಳಿಂದ ಮೇಜು ತಟ್ಟುತ್ತ ಶುರುಮಾಡಿದ. ಅಕ್ಷರಗಳು ಕಲ್ಲು ಎತ್ತಿ ಇಟ್ಟ ಹಾಗೆ ಒಂದೊಂದೇ ಬಂದವು.

"ನನಗೆ... ಹದಿ... ನೈದು." ಉಸಿರು ತೆಗೆದುಕೊಂಡ. "ನಿನಗೆ... ಎಪ್ಪ... ತ್ತು."

ಅವಳು ಹೇಳಬಹುದಾಗಿದ್ದದ್ದು ಒಂದೇ, ಅದನ್ನೇ ಹೇಳಹೊರಟಳು. ಮೂವತ್ತೊಂದು ವರ್ಷ ಸಾವಿರ ಜನಕ್ಕೆ ದಾರಿ ಹೇಳಿದ ನಾಲಿಗೆ ಮೊದಲ ಅಕ್ಷರಕ್ಕೇ ಮುಗ್ಗರಿಸಿತು. "ನ... ನ... ನನಗೆ ನಿ... ನಿನ್ನ ಜೊ... ಜೊತೆ..." ಹೆಬ್ಬೆರಳು ಉಳಿದ ಬೆರಳುಗಳನ್ನು ಹುಡುಕಿತು, ಒಂದೂ ಸಿಗಲಿಲ್ಲ. ಶಾಲೆಯ ಹುಡುಗಿಯ ಹಾಗೆ ಮುಖ ಕೆಂಪಗಾಗಿ, ಬಾಯಿ ಓರೆಯಾಗಿ, ಹೇಗೋ ವಾಕ್ಯ ಮುಗಿಸಿದಳು. ನಿನ್ನ ಜೊತೆ ಇರಬೇಕು, ಆವತ್ತಿನಿಂದಲೂ.

ಅವನು ಪೂರ್ತಿ ಕೇಳಿದ. ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು. ಅವಳನ್ನು ಅಷ್ಟು ಪ್ರೀತಿಯಿಂದ ಈ ಲೋಕದಲ್ಲಿ ಯಾರೂ ನೋಡಿರಲಿಲ್ಲ, ಗಂಡನೂ.

"ಬೇಡ," ಎಂದ.

ಎಲ್ಲೂ ಸಿಕ್ಕಿಕೊಳ್ಳಲಿಲ್ಲ ಆ ಪದ.

ಅವಳು ಅವನ ಕೈಯನ್ನು ತನ್ನ ಕಡೆ ಎಳೆದುಕೊಂಡು ತೋಳಿನ ಗುಂಡಿ ಹಾಕಿದಳು. ಅವನು ಹಾಕಿಸಿಕೊಂಡ. ಹಾಕಿ ಮುಗಿದ ಮೇಲೂ ಒಂದು ಗಳಿಗೆ ಇಬ್ಬರೂ ಕೈ ಬಿಡಲಿಲ್ಲ. ಆಮೇಲೆ ಅವನೇ ಬಿಟ್ಟ, ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು, ಅವಳ ಕೋಟನ್ನು ಮೊಳೆಯಿಂದ ತೆಗೆದುಕೊಟ್ಟ.

ಮೆಟ್ಟಿಲಿಳಿಯುವಾಗ ತಿರುಗಿ ನೋಡಬಾರದು ಎಂದುಕೊಂಡಿದ್ದಳು. ಎರಡು ಸಲ ನೋಡಿದಳು. ಎರಡು ಸಲವೂ ಬಾಗಿಲು ಮುಚ್ಚಿತ್ತು.