ಬಸ್, ಸಾಬ್

ಲಾರಿ ಇನ್ನೂ ಓಖ್ಲಾದ ಶೆಡ್ಡಿನಲ್ಲೇ ನಿಂತಿದೆ. ನಂಬಿಕೆ ಬಾರದವರು ಹೋಗಿ ನೋಡಬಹುದು.

ನಮ್ಮ ಸಂಸ್ಥೆಯ ಆ ಆಟೊಮ್ಯಾಟಿಕ್ ಗೇರಿನ ಲಾರಿಗೆ ನಾನೇ ಡ್ರೈವರ್. ಗೇರ್‌ಬಾಕ್ಸ್ ಕೆಟ್ಟಾಗ ಮೆಕ್ಯಾನಿಕ್ ನಫೀಸ್ ಎಲ್ಲಿಂದಲೋ ಹಳೆಯದೊಂದನ್ನು ತಂದು ಕೂರಿಸಿದ.

“ಇದು ಯಾವ ಗಾಡೀದು ಭಾಯ್?” ಎಂದೆ.

“ಬಸ್, ಸಾಬ್.”

ಹಿಂದಿಯಲ್ಲಿ ‘ಬಸ್’ ಎಂದರೆ ‘ಸಾಕು’ ಎಂದೂ ಆಗುತ್ತದಲ್ಲ. ಹೆಚ್ಚು ಕೇಳಬೇಡ ಎನ್ನುತ್ತಿದ್ದಾನೆ ಎಂದುಕೊಂಡೆ.

ಇಂಜಿನ್ ಶುರು ಮಾಡಿದೆವು. ಲಾರಿ ನಿಂತಲ್ಲೇ ಇತ್ತು. ಸ್ಪೀಡೋಮೀಟರಿನ ಮುಳ್ಳು ಮಾತ್ರ ಮೆಲ್ಲಗೆ ಮೂವತ್ತಕ್ಕೆ ಏರಿತು, ಸೊನ್ನೆಗೆ ಇಳಿಯಿತು, ತುಸು ತಡೆದು ಮತ್ತೆ ಏರಿತು.

“ಇದರ ಸ್ಪೀಡ್ ಸೆನ್ಸರ್ ನಿಮ್ಮ ಮೀಟರ್‌ಗೆ ಹೊಂದ್ತಿಲ್ಲ,” ಎಂದು ನಫೀಸ್ ಬೇರೆ ಸೆನ್ಸರ್ ಹಾಕಿದ. ಮುಳ್ಳು ಹಾಗೇ ಆಡಿತು. ಸೆನ್ಸರಿನ ವೈರನ್ನೇ ಕಿತ್ತ, ಇಂಜಿನ್ ನಿಲ್ಲಿಸಿ ಬ್ಯಾಟರಿಯನ್ನೂ ತೆಗೆದ. ಆಗಲೂ ಆಡಿತು. ಹೊರಗೆ ಜೂನ್ ತಿಂಗಳ ಬಿಸಿಗಾಳಿ, ಲೂ, ಬೀಸುತ್ತಿತ್ತು. ಗೇರ್‌ಬಾಕ್ಸ್ ಮುಟ್ಟಿದರೆ ನೀರು ತುಂಬಿದ ಮಡಕೆಯಷ್ಟು ತಣ್ಣಗಿತ್ತು.

ಮುಳ್ಳು ಸೊನ್ನೆಗೆ ಬಂದಾಗಲೆಲ್ಲ ಲಾರಿಯ ಎಡಭಾಗ, ಯಾರೋ ಫುಟ್‌ಬೋರ್ಡಿಗೆ ಕಾಲಿಟ್ಟಂತೆ, ಚೂರು ಕುಸಿಯುತ್ತಿತ್ತು.

ಆಗ ನನಗೆ ಹೊಳೆಯಿತು. “ಭಾಯ್, ಬಸ್ ಅಂದ್ರೆ... ಬಸ್ಸಾ?”

“ಅದೇ ತಾನೇ ಹೇಳಿದ್ದು!” ಎಂದವನು ಸ್ಪ್ಯಾನರುಗಳನ್ನು ಅಲ್ಲೇ ಬಿಟ್ಟು ಹೊರಟುಹೋದ.

ನಮ್ಮ ಸಾಹೇಬರು ನಾರಾಯಣಸ್ವಾಮಿಯವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಲೇ ಇಲ್ಲ. “ಮೀಟರ್ ಹಾಳಾದ್ರೆ ಹಾಳಾಗ್ಲಿ ಚಂದ್ರಶೇಖರ. ಗಾಡಿ ಓಡುತ್ತೆ ತಾನೇ? ಚಲೋ, ನಾಳೆ ತಗೊಂಡ್ಬಾ.”

ನಾಳೆ ನಾನದನ್ನು ಗ್ರೇಟರ್ ನೋಯ್ಡಾದವರೆಗೆ ಓಡಿಸಬೇಕು. ಲಾರಿಯಲ್ಲಿ ಸರಕಿಲ್ಲ, ಆದರೂ ಟೈರುಗಳು ಒತ್ತಿಕೊಂಡಿವೆ. ಕುಸಿದ ಎಡಭಾಗ ಇದುವರೆಗೆ ಒಮ್ಮೆಯೂ ಮೇಲೆದ್ದಿಲ್ಲ; ಹತ್ತಿದವರು ಯಾರೂ ಇಳಿದಿಲ್ಲ.