ಛಾಯಾಧಿಕಾರಿಯ ಒಂದು ಹಿಡಿ ಮಣ್ಣು

ಬಸರಿಗಟ್ಟಿ ಪೊಲೀಸ್ ಠಾಣೆಯ ಮುಂದೆ ಜಿಲ್ಲಾಧಿಕಾರಿ ನಾಡಿಗೇರರು ಕೈ ಮುಗಿದು ನಿಂತಿದ್ದರು. ಯಾರೋ ಎಸೆದ ಚಪ್ಪಲಿ ಅವರ ಎದೆಯೊಳಗೆ ತೂರಿ ಬೆನ್ನಿನಾಚೆ ಬಿತ್ತು. ಅವರು ಮುಗುಳ್ನಗುತ್ತ, "ನಿಮ್ಮ ಭಾವನೆಗಳು ಅರ್ಥವಾಗುತ್ತವೆ" ಎಂದರು.

ಅದು ನಾಡಿಗೇರರಲ್ಲ, ಅವರ ಛಾಯಾಧಿಕಾರಿ. ಪಕ್ಕದಲ್ಲಿ ನಿಂತ ಸರ್ಕಾರಿ ವ್ಯಾನಿನ ನೆತ್ತಿಯಿಂದ ಹೊಮ್ಮುವ ಬೆಳಕಿನ ಕಿರಣಗಳು ಸೇರಿ ಮೂಡಿಸುವ ಆಕೃತಿ. ಜನರ ಮಾತು ಕೇಳಿಸಿಕೊಂಡು ತಾನೇ ಯೋಚಿಸಿ ಉತ್ತರಿಸುತ್ತಿತ್ತು. ಅದರ ಮಾತು ಅಧಿಕಾರಿಯ ಮಾತಿಗೇ ಸಮ ಎಂದು ಕಾನೂನಾಗಿತ್ತು. ಇದನ್ನು ಕಂಡುಹಿಡಿದ ವಿಜ್ಞಾನಿ ಡಾ. ವಾರಿಜಾ ಕಿಣಿಯವರಿಗೆ ಸರ್ಕಾರ ಶಾಲು ಹೊದಿಸಿತ್ತು. ಶಾಲು ಹೊದಿಸುವ ಯಂತ್ರ ಆಗಿನ್ನೂ ಬಂದಿರಲಿಲ್ಲ.

ಹಿಂದಿನ ದಿನ ಕುಡಿಯುವ ನೀರಿಗಾಗಿ ನಡೆದ ಪ್ರತಿಭಟನೆಯಲ್ಲಿ ಕಲ್ಲು ಬಿದ್ದಾಗ ಗೋಲಿಬಾರಿಗೆ ಆದೇಶ ಕೊಟ್ಟದ್ದೂ ಈ ಛಾಯೆಯೇ. ಅಸಲಿ ನಾಡಿಗೇರರು ಆಗ ಪ್ರಗತಿ ಪರಿಶೀಲನಾ ಸಭೆಯಲ್ಲಿದ್ದರು. ಪಂಕ್ಚರ್ ಅಂಗಡಿಯ ಯಮನಪ್ಪ ಸತ್ತ. ಅವನ ಹೆಣವನ್ನು ಠಾಣೆಯ ಮುಂದಿಟ್ಟು ಊರೇ ಕುಳಿತಿತ್ತು. ಪರಿಹಾರ ಕೇಳಿದರು, ತನಿಖೆ ಕೇಳಿದರು, ಇನ್‌ಸ್ಪೆಕ್ಟರರ ವರ್ಗಾವಣೆ ಕೇಳಿದರು. ಛಾಯೆ ಎಲ್ಲಕ್ಕೂ ಒಪ್ಪಿತು. ಒಪ್ಪಿದರೆ ಜನ ಏಳುತ್ತಾರೆಂಬುದನ್ನು ಅದು ಚೆನ್ನಾಗಿ ಕಲಿತಿತ್ತು.

ಯಮನಪ್ಪನ ತಾಯಿ ನೀಲವ್ವ ಮಾತ್ರ ಏಳಲಿಲ್ಲ.

"ಸಾಹೇಬ್ರ, ಅದೆಲ್ಲಾ ಆತು. ಈಗ ಮಣ್ಣಿಗೆ ಬರ್ರಿ. ನಿಮ್ಮ ಕೈಲೆ ಒಂದ್ ಹಿಡಿ ಮಣ್ಣ ಹಾಕ್ರಿ."

ಆ ಕಡೆ ಹೂಳುವಾಗ ಬಂದವರೆಲ್ಲ ಕುಣಿಗೆ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಅಂದು ತಪ್ಪಿಸುವುದಿಲ್ಲ. ಛಾಯೆಗೆ ಇದು ಖರ್ಚಿಲ್ಲದ ಬೇಡಿಕೆಯಾಗಿ ಕಂಡಿತು. "ಅವಶ್ಯವಾಗಿ ಹಾಕುತ್ತೇನೆ" ಎಂದಿತು.

ಸ್ಮಶಾನದಲ್ಲಿ ವ್ಯಾನು ನಿಂತಿತು. ಛಾಯೆ ಬಗ್ಗಿ ಮಣ್ಣು ಬಾಚಿತು. ಮಣ್ಣು ಅಲ್ಲೇ ಇತ್ತು. ಮತ್ತೆ ಬಾಚಿತು. ಕೊಟ್ಟ ಮಾತು ಮುಗಿಸದೆ ನಿಲ್ಲಿಸುವುದು ಅದರ ವಿನ್ಯಾಸದಲ್ಲಿರಲಿಲ್ಲ. ಯಾರೂ ನಗಲಿಲ್ಲ. ನೋಡಲಾಗದೆ ಕೆಲವರು ಮುಖ ತಿರುಗಿಸಿದರು.

ವ್ಯಾನಿನೊಳಗೆ ಯಂತ್ರ ನೋಡಿಕೊಳ್ಳುತ್ತಿದ್ದ ಡಾ. ಕಿಣಿ ಇಳಿದು ಓಡಿ ಬಂದು, ಪೇದೆಯೊಬ್ಬ ಅದರ ಪರವಾಗಿ ಹಾಕಬಹುದೆಂದು ನೀಲವ್ವನಿಗೆ ತಿಳಿಸಿ ಹೇಳಿದರು.

"ಗುಂಡ ಹಾರಸಾಕ ಇವರು ಬಾಯಿಲೆ ಹೇಳಿದ್ರ ಸಾಕಾಗಿತ್ರಿ, ಬಾಯಾರ. ಮಣ್ಣ ಹಾಕಾಕ ಬ್ಯಾರೆದವರ ಕೈ ಯಾಕ? ಅವರಽ ಬರಲಿ. ಅಲ್ಲೀತನಕ ನನ್ನ ಮಗನ್ನ ಮುಚ್ಚಾಂಗಿಲ್ಲ."

ಕಿಣಿಯವರು ಕಾನೂನು ವಿಭಾಗಕ್ಕೆ ಫೋನು ಮಾಡಿದರು. ಛಾಯೆ ಕೊಟ್ಟ ಮಾತು ಅಧಿಕಾರಿ ಕೊಟ್ಟ ಮಾತೇ, ಅವರೇ ಬಂದು ನಡೆಸಿಕೊಡಬೇಕು ಎಂದು ಅಲ್ಲಿಂದ ಉತ್ತರ ಬಂತು.

ಸಂಜೆಗೆ ನಾಡಿಗೇರರು ಬಂದರು. ಛಾಯೆಗಿಂತ ಕುಳ್ಳಗಿದ್ದರು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಸತ್ತವನ ಹೆಸರೂ ಅವರಿಗೆ ಗೊತ್ತಿರಲಿಲ್ಲ, ಪಕ್ಕದವರನ್ನು ಕೇಳಿ ತಿಳಿದುಕೊಂಡರು. ಕುಣಿಯೊಳಗಿನ ಮುಖ ನೋಡಿದರು. ಮಣ್ಣು ಹಿಡಿದ ಕೈ ಬಹಳ ಹೊತ್ತು ಬಿಚ್ಚಲಿಲ್ಲ. ಕೊನೆಗೆ ಹಾಕಿದರು.

ನೀಲವ್ವ ಅವರ ಕೈಗೆ ನೀರು ಹಾಕಿದಳು. ಮಗನ ಮೇಲೆ ಗುಂಡು ಹಾರಿಸಲು ಹೇಳಿದ್ದು ಯಾರೆಂದು ಕೇಳಿದಳು.

"ನಾನೇ, ಅವ್ವಾ" ಎಂದರು ನಾಡಿಗೇರರು.

ಛಾಯೆಗಳು ಬಂದ ಮೇಲೆ, ಯಂತ್ರದ ದೋಷವೆಂದು ಅಧಿಕಾರಿಗಳು ಜಾರಿಕೊಳ್ಳುತ್ತಿದ್ದುದರಿಂದ, ಗೋಲಿಬಾರಿನ ಯಾವ ತನಿಖೆಯಲ್ಲೂ ತಪ್ಪಿತಸ್ಥರು ಸಿಕ್ಕಿರಲಿಲ್ಲ. ಈ ಬಾರಿ ಸಿಕ್ಕರು. ತಪ್ಪನ್ನು ಯಂತ್ರದ ಮೇಲೆ ಹಾಕಿಬಿಡಿ ಎಂದು ವಕೀಲರು ಎಷ್ಟು ಹೇಳಿದರೂ ನಾಡಿಗೇರರು ಕೇಳಲಿಲ್ಲ. ಮಣ್ಣು ಹಾಕಿ ಬಂದ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ ಎಂದರು.

ಇಂಥ ಅಚಾತುರ್ಯ ಮರುಕಳಿಸದಂತೆ ಸರ್ಕಾರ ಕೂಡಲೇ ಕ್ರಮ ಕೈಗೊಂಡಿತು. ಮಣ್ಣು ಎತ್ತಬಲ್ಲ ಛಾಯಾಧಿಕಾರಿಗಾಗಿ ಟೆಂಡರ್ ಕರೆಯಿತು. ಡಾ. ಕಿಣಿಯವರು ಅರ್ಜಿ ಹಾಕಲಿಲ್ಲ.