ಎರಡನೇ ಡೆಸ್ಕ್‌ಟಾಪ್

"ನನ್ನ ವಿಂಡೋಗಳಿಗೆ ಕೈ ಹಾಕಿದ್ದು ನೀವೇ ತಾನೇ?"

ಮಧ್ಯಾಹ್ನ ಎರಡಕ್ಕೆ ಇನ್ನೂ ಐದು ನಿಮಿಷವಿತ್ತು. ನೀರು ಸರಬರಾಜಿನ ನಿಯಂತ್ರಣ ಕೊಠಡಿಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟ. ಅವಳು ಕುರ್ಚಿ ಬಿಟ್ಟು ಎದ್ದಿದ್ದಳು... ಕಣ್ಣಲ್ಲಿ ಕೆಂಡ!

"ಯಾವ ವಿಂಡೋ ಮೇಡಂ?"

"ಎಡಗಡೆ ಮಾನಿಟರಲ್ಲಿ ಕೊಳವೆಗಳ ಒತ್ತಡ, ನಡುವೆ ಪಂಪು, ಬಲಗಡೆ ಟ್ಯಾಂಕಿನ ಮಟ್ಟ. ಹೀಗೆ ಜೋಡಿಸಿಟ್ಟು ಹೋಗ್ತೀನಿ. ಬೆಳಿಗ್ಗೆ ಬಂದ್ರೆ ಎಲ್ಲಾ ಅಡ್ಡಾದಿಡ್ಡಿ! ಇವತ್ತು ಟ್ಯಾಂಕ್ ಹುಡುಕೋದ್ರಲ್ಲೇ ಐದು ನಿಮಿಷ ಹೋಯ್ತು. ಅಷ್ಟರಲ್ಲಿ ತುಂಬಿ ಹರಿದಿದ್ರೆ?"

"ನಾನು ಎಡಚ ಮೇಡಂ. ನಂಗೆ ಪಂಪು ಎಡಗಡೆನೇ ಇರ್ಬೇಕು."

ಆ ಕಂಪ್ಯೂಟರನ್ನು ಆಫ್ ಮಾಡುವ ಪದ್ಧತಿಯೇ ಇರಲಿಲ್ಲ. ಲಾಗಿನ್ ಎಲ್ಲರಿಗೂ ಒಂದೇ. ಬೆಳಿಗ್ಗೆ ಆರರಿಂದ ಎರಡರವರೆಗೆ ಅವಳ ಪಾಳಿ, ಎರಡರಿಂದ ಹತ್ತರವರೆಗೆ ಅವನದು. ರಾತ್ರಿ ಪಾಳಿಯ ಹಿರಿಯರು ಎಲ್ಲಿದ್ದದ್ದನ್ನು ಅಲ್ಲೇ ಬಿಡುವವರು. ಹಾಗಾಗಿ ಜಗಳವೇನಿದ್ದರೂ ಇವರಿಬ್ಬರ ನಡುವೆಯೇ.

ಅವನು ವಾದಕ್ಕಿಳಿಯಲಿಲ್ಲ. ಕೀಬೋರ್ಡ್ ಎಳೆದುಕೊಂಡು ಮೂರು ಕೀಲಿ ಒತ್ತಿದ. ಮೂರೂ ಮಾನಿಟರುಗಳು ಒಟ್ಟಿಗೇ ಖಾಲಿ!

"ಅಯ್ಯೋ! ಏನ್ರೀ ಮಾಡಿದ್ರಿ?"

"ಹೆದರ್ಬೇಡಿ, ಎರಡನೇ ಡೆಸ್ಕ್‌ಟಾಪ್ ತೆರೆದೆ ಅಷ್ಟೇ. ಕಂಟ್ರೋಲ್, ವಿಂಡೋಸ್ ಕೀಲಿ ಜೊತೆ ಎಡ ಬಾಣ ಒತ್ತಿ... ನೋಡಿ, ನಿಮ್ದು ಇಟ್ಟ ಹಾಗೇ ಇದೆ. ಮೊದಲನೇದು ನಿಮ್ದು, ಎರಡನೇದು ನನ್ದು. ಅಲಾರಂ ವಿಂಡೋ ಒಂದನ್ನ ಮಾತ್ರ ಎರಡರಲ್ಲೂ ಕಾಣೋ ಹಾಗೆ ಇಡೋಣ."

ಉಕ್ಕುತ್ತಿದ್ದ ಹಾಲಿನ ಕೆಳಗೆ ಒಲೆ ಆರಿಸಿದಂತೆ ಅವಳ ಸಿಟ್ಟು ಇಳಿದುಹೋಯಿತು.

ಅಂದಿನಿಂದ ಒಂದು ವರ್ಷ. ಅವನ ಡೆಸ್ಕ್‌ಟಾಪಿಗೆ ಅವಳು ಒಮ್ಮೆಯೂ ಹೋಗಲಿಲ್ಲ, ಅವಳದಕ್ಕೆ ಅವನೂ ಬರಲಿಲ್ಲ. ಆದರೆ ಅವನು ಎರಡಕ್ಕಲ್ಲ, ಒಂದೂವರೆಗೇ ಬರತೊಡಗಿದ. ಕಚೇರಿಯವರೆಲ್ಲ 'ಪ್ರೆಶರ್ ಮೇಡಂ' ಎಂದು ಕರೆಯುತ್ತಿದ್ದ ಅವಳು ಆ ಅರ್ಧ ಗಂಟೆ ಮಾತ್ರ ಬಾಯ್ತುಂಬ ನಗುತ್ತಿದ್ದಳು.

ಒಂದು ದಿನ ಅವಳೇ ಹೇಳಿಬಿಟ್ಟಳು. "ನಾಳೆಯಿಂದ ಒಂದು ಗಂಟೆಗೇ ಬನ್ನಿ. ನಿಮ್ಮ ಜೊತೆ ಮಾತಾಡ್ದೆ ಇದ್ರೆ ಊಟ ಸೇರಲ್ಲ ನಂಗೆ."

ಅವನ ಮುಖ ಗಂಭೀರವಾಯಿತು. ಮರುದಿನದಿಂದ ಸರಿಯಾಗಿ ಎರಡಕ್ಕೆ ಬಂದು, ಪಾಳಿ ಪುಸ್ತಕಕ್ಕೆ ಸಹಿ ಮಾಡಿ, ತಲೆ ತಗ್ಗಿಸಿ ಕೂರತೊಡಗಿದ. ಎರಡು ವಾರಕ್ಕೆ ವರ್ಗಾವಣೆಯ ಆದೇಶ ಬಂತು. ನೀರು ಶುದ್ಧೀಕರಣ ಘಟಕಕ್ಕೆ, ಬೆಳಗಿನ ಪಾಳಿಗೆ.

"ಅವನೇ ಕೇಳ್ಕೊಂಡಿದ್ದು ಕಣಮ್ಮ," ಎಂದರು ಮೇಲ್ವಿಚಾರಕರು. "ಸ್ವಂತ ಕಾರಣ ಅಂತ ಬರೆದಿದ್ದ."

ಅವಳು ತನ್ನ ಮಾನಿಟರುಗಳತ್ತ ತಿರುಗಿದಳು. 'ನಾನು ಸಲಿಗೆ ತೋರಿಸಿದ್ದೇ ತಪ್ಪಾಯಿತೇ? ನನ್ನಿಂದ ತಪ್ಪಿಸಿಕೊಳ್ಳಲು ಊರಾಚೆಯ ಘಟಕಕ್ಕೇ ಹೋಗಬೇಕಿತ್ತೇ...'

ಮನೆಯಲ್ಲಿ ಅಕ್ಕ ಕೇಳಿಯೇಬಿಟ್ಟಳು. "ಯಾಕೇ, ಮುಖ ಸುಟ್ಟ ಬದನೆಕಾಯಿ ಥರ ಆಗಿದೆ?"

"ಏನಿಲ್ಲ ಬಿಡೇ."

"ಆ 'ಏನಿಲ್ಲ' ಯಾರೋ, ಅವರನ್ನೇ ಹೋಗಿ ಕೇಳ್ಬಾರ್ದಾ?"

ನನ್ನಿಂದ ತಪ್ಪಿಸಿಕೊಳ್ಳಲೇ ಹೋಗುತ್ತಿದ್ದೀರಾ ಎಂದು ಕೇಳಿ, ಅವನು ಹೌದೆಂದುಬಿಟ್ಟರೆ? ಆ ಭಯಕ್ಕೇ ಅವಳು ಸುಮ್ಮನಿದ್ದಳು. ಅವನ ಕೊನೆಯ ದಿನವೂ ಹಾಗೇ ಕಳೆಯಿತು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕರು ಇಣುಕಿದರು. "ಮಧ್ಯಾಹ್ನ ಹೊಸಬರು ಬರ್ತಾರೆ. ಆ ಎರಡನೇ ಡೆಸ್ಕ್‌ಟಾಪ್ ತೆಗೆದುಬಿಡಮ್ಮ."

ವಿಂಡೋಸ್ ಕೀಲಿಯ ಜೊತೆ ಟ್ಯಾಬ್ ಒತ್ತಿದಳು. ಎರಡು ಡೆಸ್ಕ್‌ಟಾಪ್‌ಗಳೂ ಪುಟ್ಟ ಚಿತ್ರಗಳಾಗಿ ಪಕ್ಕಪಕ್ಕ ಮೂಡಿದವು. ಅವನದರ ಮೂಲೆಯ ಗುಣಾಕಾರ ಚಿಹ್ನೆಯ ಮೇಲೆ ಮೌಸಿನ ಬಾಣ ನಿಂತಿತು. 'ಒಂದು ವರ್ಷ... ಒಂದೇ ಕ್ಲಿಕ್ಕಿಗೆ ಮುಗಿಯಿತು!' ಕಣ್ಣು ಮುಚ್ಚಿ ಒತ್ತಿದಳು.

ಆದರೆ ಏನೂ ಮುಗಿಯಲಿಲ್ಲ. ಡೆಸ್ಕ್‌ಟಾಪ್ ಅಳಿಸಿದರೆ ಅದರಲ್ಲಿ ತೆರೆದಿದ್ದ ವಿಂಡೋಗಳು ಮುಚ್ಚುವುದಿಲ್ಲ, ಪಕ್ಕದ ಡೆಸ್ಕ್‌ಟಾಪಿಗೆ ಬಂದು ಸೇರುತ್ತವೆ. ಅವಳಿಗದು ತಿಳಿದಿರಲಿಲ್ಲ. ಕಣ್ಣು ತೆರೆದಾಗ ಅವನ ಪಂಪುಗಳು ಅವಳ ಎಡ ಮಾನಿಟರಿನಲ್ಲಿದ್ದವು. ಬಲಗಡೆ, ಟ್ಯಾಂಕಿನ ಮಟ್ಟದ ಮೇಲೆ, 'ವರ್ಗಾವಣೆ ಅರ್ಜಿ - ಕರಡು' ಎಂಬ ಪತ್ರ.

ಓದಬಾರದೆಂದುಕೊಂಡಳು. ಓದಿದಳು.

'ಕಾರಣ: ಒಂದೇ ಮೇಜಿನ ಪಾಳಿ ಪುಸ್ತಕಕ್ಕೆ ಗಂಡ ಹೆಂಡತಿ ಸಹಿ ಮಾಡುವಂತಿಲ್ಲ ಎಂಬ ನಿಯಮವಿದೆ. ಬೆಳಗಿನ ಪಾಳಿಯವರನ್ನು ಮದುವೆಯಾಗುವ ಆಸೆ ನನಗಿದೆ. ಅವರನ್ನು ಇನ್ನೂ ಕೇಳಿಲ್ಲ. ಅವರು ಒಪ್ಪಿದರೆ ನಿಯಮ ಅಡ್ಡ ಬರಬಾರದು. ಒಪ್ಪದಿದ್ದರೆ ದಿನವೂ ನನ್ನ ಮುಖ ನೋಡುವ ಮುಜುಗರ ಅವರಿಗಾಗಬಾರದು.'

ಅವಳ ಕೈ ತಾನಾಗಿ ಫೋನಿನತ್ತ ಹೋಯಿತು. ಅದು ಘಟಕಕ್ಕೆ ನೇರ ಲೈನು.

"ಶುದ್ಧೀಕರಣ ಘಟಕ," ಎಂದಿತು ಅವನ ದನಿ.

"ನಿಮ್ಮ ಡೆಸ್ಕ್‌ಟಾಪ್ ತೆಗೆದುಹಾಕಿದೆ. ಅದರಲ್ಲಿದ್ದಿದ್ದೆಲ್ಲ ನನ್ನ ಕಡೆಗೆ ಬಂದ್ಬಿಟ್ಟಿದೆ."

ಆ ಕಡೆ ನೀರು ಬೀಳುವ ಸದ್ದಷ್ಟೇ.

"ಕರಡೂ...?"

"ಅದೂ. ಓದಿಬಿಟ್ಟೆ, ತಪ್ಪಾಯ್ತು. ಅದನ್ಯಾಕೆ ತೆರೆದೇ ಬಿಟ್ಟು ಹೋದ್ರಿ?"

"ಮೇಲಿನವರಿಗೆ ಕೊಡೋಕೂ ಧೈರ್ಯ ಬರ್ಲಿಲ್ಲ... ಮುಚ್ಚೋಕೂ ಮನಸ್ಸು ಬರ್ಲಿಲ್ಲ."

"ಅಲ್ಲಾರೀ, ಮೊದಲು ವರ್ಗಾವಣೆ, ಆಮೇಲೆ ಹುಡುಗೀನ ಕೇಳೋದಾ? ಯಾವ ಲೋಕದಲ್ಲಿ ಹೀಗೆ? ಎರಡು ವಾರದಿಂದ ಅನ್ನ ಸೇರಿಲ್ಲ ನಂಗೆ!"

"ಕ್ಷಮಿಸಿ. ಆದೇಶ ಬರೋಕೆ ಮುಂಚೆನೇ ಬಾಯ್ಬಿಟ್ಟುಬಿಡ್ತೀನೇನೋ ಅಂತ ದೂರ ಇದ್ದೆ. ಭಾನುವಾರ ಬಂದು ಕೇಳೋಣ ಅಂತಿದ್ದೆ..."

"ಭಾನುವಾರದ ತನಕ ಯಾರು ಕಾಯ್ತಾರೆ? ಈಗಲೇ ಕೇಳಿ."

"ಮೇಡಂ, ಈ ಲೈನ್ ರೆಕಾರ್ಡ್ ಆಗುತ್ತೆ!"

"ಆಗ್ಲಿ."

ಅವನು ಗಂಟಲು ಸರಿಮಾಡಿಕೊಂಡ. "ನನ್ನ... ಮದುವೆ ಆಗ್ತೀರಾ?"

"ಹೂಂ. ಆಗ್ತೀನಿ."

ಅವಳ ಕಣ್ಣಂಚಿನ ಹನಿ ಕೆನ್ನೆಗಿಳಿಯಿತು. ಒರೆಸಿಕೊಳ್ಳದೆ ನಕ್ಕಳು.

"ಥ್ಯಾಂಕ್ಸ್ ಮೇಡಂ..."

"ಇನ್ನೂ ಮೇಡಮ್ಮಾ?"

"ಮತ್ತೇನಂತ ಕರೀಲಿ?"

"ಭಾನುವಾರ ಬನ್ನಿ, ಹೇಳ್ತೀನಿ," ಎಂದು ಅವಳು ದನಿ ತಗ್ಗಿಸಿದಳು. "ಅದನ್ನ ಮಾತ್ರ ರೆಕಾರ್ಡ್ ಆಗೋ ಲೈನಲ್ಲಿ ಹೇಳಲ್ಲ."